ಕೊಡ ಹೊರಬಹುದು, ಓಡಬಾರದೇ?

ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ಓಡಬಾರದು, ನೆಗೆಯಬಾರದು, ಆಟದ ಬಯಲಿಗೆ ಇಳಿಯಬಾರದು ಎಂದು ಹೇಳುವವರು ನಮ್ಮ ಅರಸೀಕೆರೆ ಸೀಮೆಯಲ್ಲಿ ಇಂದಿಗೂ ಕಡಿಮೆಯಿಲ್ಲ. ಯಾಕೆಂದು ಕೇಳಿದರೆ, 'ಮೈಗೆ ಒಳ್ಳೆಯದಲ್ಲ, ಆ ದಿನಗಳಲ್ಲಿ ವಿಶ್ರಾಂತಿ ಬೇಕು' ಎನ್ನುತ್ತಾರೆ. ಎಷ್ಟು ಕರುಣೆಯ ಮಾತು! ಆದರೆ ಅದೇ ದಿನ ಸಂಜೆ ಅದೇ ಹುಡುಗಿ ನಲ್ಲಿಯಿಂದ ಸೊಂಟಕ್ಕೊಂದು, ತಲೆಗೊಂದು ಕೊಡ ಹೊತ್ತು ಬರುವಾಗ ಈ ಕರುಣೆ ಎಲ್ಲಿ ಅಡಗಿ ಕುಳಿತಿರುತ್ತದೆ? ಈ ಪ್ರಶ್ನೆಯನ್ನು ನಾವು ಯಾರೂ ಗಟ್ಟಿಯಾಗಿ ಕೇಳಿಲ್ಲ. ಈಗ ಕೇಳಬೇಕಾಗಿದೆ.

ಕಣಕಟ್ಟೆ ಹೋಬಳಿಯ ಯಾವುದೇ ಊರಿಗೆ ಹೋಗಿ ನೋಡಿ. ಮಳೆ ನಂಬಿ ರಾಗಿ ಬಿತ್ತುವ, ತೆಂಗು ನಂಬಿ ಸಾಲ ತೀರಿಸುವ ಊರುಗಳು ಇವು. ಬರ ಬಂದ ವರ್ಷ ನೀರಿಗಾಗಿ ನಡೆಯುವವರು ಹೆಂಗಸರೇ. ರಾಗಿ ಹೊಲದಲ್ಲಿ ದಿನವಿಡೀ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವವರು, ಹುಲ್ಲಿನ ಹೊರೆ ಹೊರುವವರು, ತೋಟದಲ್ಲಿ ಉದುರಿದ ಕಾಯಿ ಆಯ್ದು ರಾಶಿ ಹಾಕುವವರು, ಕೊಟ್ಟಿಗೆಯ ಸಗಣಿ ಬಾಚುವವರು ಯಾರು? ಇವರಲ್ಲಿ ಯಾರಿಗಾದರೂ, 'ಈ ದಿನ ನಿನಗೆ ಮುಟ್ಟು, ಹೊರೆ ಕೆಳಗಿಡು' ಎಂದು ಹೇಳಿದ ಯಜಮಾನನನ್ನು ನಾವು ಕಂಡಿಲ್ಲ. ತುಂಬಿದ ಕೊಡ ಹತ್ತು ಹದಿನೈದು ಕಿಲೋ ತೂಗುತ್ತದೆ. ವಾಲಿಬಾಲ್ ಚೆಂಡಿನ ತೂಕ 260ರಿಂದ 280 ಗ್ರಾಂ. ಕೊಡ ಹೊತ್ತರೆ ಏನೂ ಆಗದ ಗರ್ಭಕೋಶಕ್ಕೆ ಚೆಂಡು ಮುಟ್ಟಿದ ಕೂಡಲೇ ಅಪಾಯ ಬಂದುಬಿಡುತ್ತದಂತೆ!

ಅಂದಮೇಲೆ ಇಲ್ಲಿ ನಿಂತಿರುವುದು ದುಡಿಮೆಯಲ್ಲ, ಆಟ ಮಾತ್ರ. ಮನೆಗಾಗಿ ಬಾಗುವ ಮೈಗೆ ತಡೆಯಿಲ್ಲ. ತನಗಾಗಿ ನೆಗೆಯುವ ಮೈಗೆ ತಡೆಯಿದೆ. ಇದನ್ನು ಆರೋಗ್ಯದ ಕಾಳಜಿ ಎಂದು ಕರೆಯುವುದು ಸುಳ್ಳು.

ಈ ಸುಳ್ಳಿನಿಂದ ಏನು ನಷ್ಟ ಎಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕ ಹೇಳುತ್ತೇವೆ. ನಮ್ಮ ರಾಜ್ಯದಲ್ಲಿ ಶಾಲಾ ಕ್ರೀಡಾಕೂಟ ಹೋಬಳಿ ಮಟ್ಟದಲ್ಲಿ ಶುರುವಾಗುತ್ತದೆ. ಅಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ. ಕಣಕಟ್ಟೆಯ ಹುಡುಗಿ ಹಾಸನದ ಕ್ರೀಡಾಂಗಣ ಕಾಣಬೇಕಾದರೆ ಮೊದಲು ಹೋಬಳಿಯ ಆ ಒಂದು ದಿನ ಗೆಲ್ಲಬೇಕು. ಖೋ-ಖೋ ತಂಡದಲ್ಲಿ ಹನ್ನೆರಡು ಮಂದಿ. ಸರಾಸರಿ 28 ದಿನಗಳ ಋತುಚಕ್ರದಲ್ಲಿ ಐದು ದಿನ ಸ್ರಾವವೆಂದು ಹಿಡಿದರೆ, ಯಾವ ದಿನ ಕೂಟ ಇಟ್ಟರೂ ಹನ್ನೆರಡು ಹುಡುಗಿಯರಲ್ಲಿ ಇಬ್ಬರಾದರೂ ಮುಟ್ಟಿನಲ್ಲಿರುವ ಸಂಭವವಿದೆ. ಆ ಇಬ್ಬರಲ್ಲಿ ಒಬ್ಬಳು ತಂಡದ ಅತ್ಯಂತ ಚುರುಕಿನ ಓಟಗಾರ್ತಿಯಾಗಿದ್ದರೆ? ಅವಳನ್ನು ಮನೆಯಲ್ಲಿ ಕೂರಿಸಿದರೆ ಒಂದು ದಿನದ ಆಟವಲ್ಲ, ಒಂದು ವರ್ಷವೇ ಹೋಯಿತು. ಮುಂದಿನ ವರ್ಷ ಅವಳು ಹತ್ತನೇ ತರಗತಿ. 'ಪರೀಕ್ಷೆ ಇದೆ, ಆಟ ಸಾಕು' ಎನ್ನುತ್ತಾರೆ. ಅದರ ಮುಂದಿನ ವರ್ಷ ಮದುವೆಯ ಮಾತು. ಹುಡುಗಿಯರ ಪ್ರತಿಭೆ ಸಾಯುವುದು ಹೀಗೆ, ಯಾರ ಕಣ್ಣಿಗೂ ಬೀಳದಂತೆ, ತಿಂಗಳ ಲೆಕ್ಕದಲ್ಲಿ.

ಇಷ್ಟಕ್ಕೂ ಈ ವಿಷಯವನ್ನು ಹೆಸರು ಹಿಡಿದು ಮಾತಾಡಲು ನಮಗೆ ಬಾಯಿಯೇ ಬರುವುದಿಲ್ಲ. ಒಬ್ಬರ ಮನೆಯಲ್ಲಿ 'ಕಾಗೆ ಮುಟ್ಟಿದೆ', ಇನ್ನೊಬ್ಬರ ಮನೆಯಲ್ಲಿ 'ಹೊರಗಾಗಿದ್ದಾಳೆ', ನಮ್ಮ ಮನೆಗಳಲ್ಲಿ 'ಅವಳಿಗೆ ನಮಾಜಿಲ್ಲ'. ಶಾಲೆಯಲ್ಲಿ ಮಾತ್ರ ಎಲ್ಲ ಜಾತಿಯ ಹುಡುಗಿಯರದೂ ಒಂದೇ ಭಾಷೆ: 'ಸಾರ್, ಹೊಟ್ಟೆನೋವು.' ಪಿ.ಟಿ. ಮೇಷ್ಟ್ರಿಗೆ ಅರ್ಥವಾಗುತ್ತದೆ. ಅವರು ಬೇರೆ ಕಡೆ ಮುಖ ತಿರುಗಿಸಿ, 'ಹೋಗಮ್ಮ, ಕೂತ್ಕೋ' ಎನ್ನುತ್ತಾರೆ. ಅವರು ಕೆಟ್ಟವರಲ್ಲ, ನಾಚಿಕೊಂಡವರು. ಆದರೆ ಆ ನಾಚಿಕೆಯಲ್ಲಿ ಕೇಳಲೇಬೇಕಾದ ಮಾತು ಕೇಳದೆ ಉಳಿಯುತ್ತದೆ. ನಿಜಕ್ಕೂ ನೋವಿದೆಯೇ? ತಲೆ ಸುತ್ತುತ್ತಿದೆಯೇ? ಅಥವಾ ಬಟ್ಟೆಗೆ ಕಲೆಯಾದೀತೆಂಬ ಹೆದರಿಕೆ ಮಾತ್ರವೇ? ಈ ಮೂರಕ್ಕೆ ಮೂರು ಬೇರೆ ಬೇರೆ ಪರಿಹಾರಗಳಿವೆ. ನಮ್ಮ ಶಾಲೆಗಳಲ್ಲಿ ಮೂರಕ್ಕೂ ಒಂದೇ ಮದ್ದು: ಮರದ ನೆರಳಿನಲ್ಲಿ ಕೂರುವುದು.

ಹಿರಿಯರ ಹೆದರಿಕೆಗಳನ್ನು ಒಂದೊಂದಾಗಿ ನೋಡೋಣ. ಓಡಿದರೆ ಗರ್ಭಕೋಶ ಜಾರುತ್ತದೆ ಎನ್ನುತ್ತಾರೆ. ಗರ್ಭಕೋಶ ಜಾರುವುದು ಅದನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾದಾಗ. ಮೇಲಿಂದ ಮೇಲೆ ಹೆರಿಗೆ, ಹೆರಿಗೆಯಾದ ಕೆಲವೇ ದಿನಕ್ಕೆ ಭಾರ ಹೊರುವುದು, ತೀರದ ಕೆಮ್ಮು, ಮಲಬದ್ಧತೆ, ಇಳಿವಯಸ್ಸು ಇದಕ್ಕೆ ಕಾರಣಗಳು. ಅಂದರೆ ಗರ್ಭಕೋಶದ ಮೇಲೆ ಅಷ್ಟು ಕಾಳಜಿ ಇದ್ದವರು ಮೊದಲು ಬಾಣಂತಿಯ ಸೊಂಟದಿಂದ ಕೊಡ ಇಳಿಸಬೇಕು. ಓಡಿದರೆ ಮುಂದೆ ಮಕ್ಕಳಾಗುವುದಿಲ್ಲ ಎನ್ನುತ್ತಾರೆ. ಒಲಿಂಪಿಕ್ಸ್‌ನಲ್ಲಿ ಓಡಿ, ಆಮೇಲೆ ಮಕ್ಕಳನ್ನು ಹೆತ್ತು, ಮತ್ತೆ ಬಂದು ಪದಕ ಗೆದ್ದವರು ಈ ಜಗತ್ತಿನಲ್ಲಿ ಬೇಕಾದಷ್ಟಿದ್ದಾರೆ. ಕೆಟ್ಟ ರಕ್ತ ತಲೆಗೆ ಏರುತ್ತದೆ ಎನ್ನುವವರೂ ಇದ್ದಾರೆ. ಮುಟ್ಟಿನದು ಕೆಟ್ಟ ರಕ್ತವಲ್ಲ. ಗರ್ಭ ನಿಲ್ಲಬಹುದೆಂದು ಗರ್ಭಕೋಶ ಸಿದ್ಧಮಾಡಿಕೊಂಡ ಒಳಪದರ ಬೇಡವಾದಾಗ ಕಳಚಿ ಹೊರಬರುತ್ತದೆ, ಅಷ್ಟೆ. ಒಂದು ಸಲದ ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30-40 ಮಿಲಿಲೀಟರ್, ಅಂದರೆ ಎರಡು ಮೂರು ದೊಡ್ಡ ಚಮಚದಷ್ಟು.

ಈ ಹೆದರಿಕೆ ನಮ್ಮ ಹಳ್ಳಿಯ ಅಜ್ಜಿಯರ ಸ್ವತ್ತೆಂದು ಯಾರೂ ಬೀಗಬೇಕಾಗಿಲ್ಲ. 1873ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಎಡ್ವರ್ಡ್ ಕ್ಲಾರ್ಕ್ ಎಂಬ ವೈದ್ಯ, ಮುಟ್ಟಿನ ದಿನಗಳಲ್ಲಿ ಹುಡುಗಿಯರು ಹುಡುಗರಂತೆ ಓದಿದರೆ ಅವರ ಗರ್ಭಾಂಗಗಳು ಕುಗ್ಗಿಹೋಗುತ್ತವೆಂದು ಪುಸ್ತಕವನ್ನೇ ಬರೆದ. ಅವನಿಗೆ ಉತ್ತರ ಕೊಟ್ಟದ್ದು ಮೇರಿ ಪಟ್ನಮ್ ಜಾಕೋಬಿ ಎಂಬ ವೈದ್ಯೆ. ಆಕೆ ಕೋಪದಿಂದ ಕಿರುಚಲಿಲ್ಲ. ಪ್ರಶ್ನೆಪತ್ರಿಕೆ ಮಾಡಿ ಹಂಚಿ, 268 ಹೆಂಗಸರಿಂದ ಉತ್ತರ ತರಿಸಿಕೊಂಡಳು, ನಾಡಿ ಅಳೆದಳು, ಶಕ್ತಿ ಅಳೆದಳು. ಆರೋಗ್ಯವಂತ ಹೆಂಗಸಿಗೆ ಮುಟ್ಟಿನಲ್ಲಿ ಕೆಲಸ ನಿಲ್ಲಿಸುವ ಅಗತ್ಯವೇನೂ ಇಲ್ಲವೆಂದು ತೋರಿಸಿದಳು. ಆ ಪ್ರಬಂಧಕ್ಕೆ 1876ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಬಾಯ್ಲ್‌ಸ್ಟನ್ ಬಹುಮಾನ ಬಂತು. ನಾವು ಇಂದು ಕಣಕಟ್ಟೆಯಲ್ಲಿ ಕೇಳುತ್ತಿರುವ ಪ್ರಶ್ನೆಗೆ ಒಂದೂವರೆ ಶತಮಾನದ ಹಿಂದೆಯೇ ಉತ್ತರ ಸಿಕ್ಕಿದೆ! ಆದರೂ ಜಗತ್ತು ಕೇಳಿಸಿಕೊಳ್ಳಲಿಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿ ಕೊನೆಗೆ ಸುಸ್ತಾಗಿ ಕೂತದ್ದನ್ನೇ ಪತ್ರಿಕೆಗಳು ದೊಡ್ಡದು ಮಾಡಿದವು. ಆ ಓಟವನ್ನು ತೆಗೆದುಹಾಕಿ, ಮತ್ತೆ ಸೇರಿಸಿದ್ದು 1960ರಲ್ಲಿ. ಓಡಿದ ಗಂಡಸು ಸುಸ್ತಾದರೆ ಶೂರ, ಹೆಂಗಸು ಸುಸ್ತಾದರೆ ಅಬಲೆ.

ಧರ್ಮದ ಮಾತನ್ನೂ ಆಡಿಬಿಡೋಣ, ಯಾಕೆಂದರೆ ನಮ್ಮಲ್ಲಿ ಕೊನೆಗೆ ಎಲ್ಲರೂ ಅಡಗಿಕೊಳ್ಳುವುದು ಅದರ ಬೆನ್ನ ಹಿಂದೆ. ಇಸ್ಲಾಮಿನಲ್ಲಿ ಮುಟ್ಟಾದ ಹೆಂಗಸಿಗೆ ನಮಾಜು ಮತ್ತು ರೋಜಾದಿಂದ ವಿನಾಯಿತಿ ಇದೆ. ವಿನಾಯಿತಿ ಬೇರೆ, ಬಹಿಷ್ಕಾರ ಬೇರೆ. ಅಂದಿನ ಮದೀನಾದಲ್ಲಿ ಮುಟ್ಟಾದವಳ ಜೊತೆ ಕೂತು ಉಣ್ಣದವರಿದ್ದರು. ಪ್ರವಾದಿಯವರು ಆ ರೂಢಿಯನ್ನು ಒಪ್ಪಲಿಲ್ಲ. ಹಜರತ್ ಆಯಿಶಾ ಮುಟ್ಟಿನಲ್ಲಿದ್ದಾಗ ಅವರು ಕುಡಿದ ಪಾತ್ರೆಯಿಂದಲೇ ಕುಡಿದರು. ಹಜ್ ಪ್ರಯಾಣದಲ್ಲಿ ಆಯಿಶಾರಿಗೆ ಮುಟ್ಟಾಗಿ ಅತ್ತಾಗ, ಕಾಬಾದ ತವಾಫ್ ಒಂದನ್ನು ಬಿಟ್ಟು ಯಾತ್ರಿಕರು ಮಾಡುವುದನ್ನೆಲ್ಲ ಮಾಡು ಎಂದರು. ಇವೆಲ್ಲ ಹದೀಸ್ ಗ್ರಂಥಗಳಲ್ಲಿರುವ, ಮದರಸಾದ ಮಕ್ಕಳಿಗೂ ಗೊತ್ತಿರುವ ಮಾತುಗಳು. ಮಿನಾ, ಅರಫಾತ್, ಮುಜ್ದಲಿಫಾ ಎಂದರೆ ಮೈಲುಗಟ್ಟಲೆ ನಡಿಗೆ. ಮುಟ್ಟಿನ ಹೆಂಗಸು ಆ ಬಿಸಿಲಿನಲ್ಲಿ ನಡೆಯಬಹುದಾದರೆ ನಮ್ಮ ಮಗಳು ಶಾಲೆಯ ಬಯಲಿಗೆ ನಾಲ್ಕು ಸುತ್ತು ಹಾಕಬಾರದೇ? ಪ್ರವಾದಿಯವರು ಆಯಿಶಾರ ಜೊತೆ ಓಟದ ಪಂದ್ಯ ಕಟ್ಟಿದ ಪ್ರಸಂಗವೂ ಇದೆ. ಒಮ್ಮೆ ಗೆದ್ದದ್ದು ಆಕೆಯೇ. ಇದನ್ನು ನಮ್ಮ ಜುಮಾ ಬಯಾನುಗಳಲ್ಲಿ ಎಷ್ಟು ಸಲ ಕೇಳಿದ್ದೇವೆ?

ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ರಮಜಾನಿನಲ್ಲಿ ರೋಜಾದ ವಿನಾಯಿತಿ ಇರುವ ಹುಡುಗಿ ಅಪ್ಪ, ಅಣ್ಣಂದಿರ ಕಣ್ಣು ತಪ್ಪಿಸಿ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಒಂದು ಬಾಳೆಹಣ್ಣು ನುಂಗುತ್ತಾಳೆ. ನೀರು ಕುಡಿಯಲೂ ಕಳ್ಳತನ. ಶರೀಅತ್ ಕೊಟ್ಟದ್ದನ್ನು ಶರಮು ಕಸಿದುಕೊಂಡಿದೆ. ರಕ್ತ ಹೋಗುವ ದಿನಗಳಲ್ಲೇ ಊಟ ನೀರಿಲ್ಲದೆ ಇರುವ ಆ ಮಗುವಿಗೆ ತಲೆಸುತ್ತು ಬಂದರೆ, 'ನೋಡಿ, ಆಟಕ್ಕೆ ಹೋದದ್ದಕ್ಕೇ' ಎನ್ನುತ್ತೇವೆ!

ನೆರೆಮನೆಯ ಮಾತೂ ಭಿನ್ನವಲ್ಲ. ಹನ್ನೆರಡನೇ ಶತಮಾನದ ಶರಣರು ಪಂಚಸೂತಕಗಳನ್ನು ಕಿತ್ತೆಸೆದರು. ಅವುಗಳಲ್ಲಿ ರಜಸ್ಸೂತಕವೂ ಒಂದು. ಶರಣರ ಹೆಸರು ಹೇಳುವ ಎಷ್ಟು ಮನೆಗಳಲ್ಲಿ ಇಂದು ಆ ಮಾತು ನಡೆಯುತ್ತಿದೆ? ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಊರಾಚೆಯ ಗುಡಿಸಲಲ್ಲಿ ಇರಿಸುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹಾಗೆ ಹೊರಗಿದ್ದ ಬಾಣಂತಿಯ ಹಸುಗೂಸು ಮಳೆ ಚಳಿಗೆ ಸಿಕ್ಕಿ ಸತ್ತುಹೋಯಿತು. ಊರಾಚೆಯ ಗುಡಿಸಲು ಹೆಣ್ಣಿಗೆ ಹಿರಿಯರು ಕೊಟ್ಟ ವಿಶ್ರಾಂತಿ ಎಂದು ಭಾಷಣ ಮಾಡುವವರು ಆ ತಾಯಿಯ ಮುಂದೆ ನಿಂತು ಆ ಮಾತು ಹೇಳಲಿ. ಹಾಗೆಂದು ಗೊಲ್ಲರ ಕಡೆ ಬೆರಳು ತೋರಿಸಿ ನಾವು ಶುದ್ಧರಾಗುವಂತಿಲ್ಲ. ಅವರ ಗುಡಿಸಲು ಕಣ್ಣಿಗೆ ಕಾಣುತ್ತದೆ, ನಮ್ಮದು ಕಾಣುವುದಿಲ್ಲ.

ಪಕ್ಕದ ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯವಿದೆ. ಅಲ್ಲಿನ ಮದನಿಕೆಯರು ಕುಣಿಯುತ್ತಾರೆ, ವಾದ್ಯ ಬಾರಿಸುತ್ತಾರೆ, ಬೇಟೆಗೂ ಹೊರಡುತ್ತಾರೆ. ಬಂದ ನೆಂಟರಿಗೆ ಅವರನ್ನು ಹೆಮ್ಮೆಯಿಂದ ತೋರಿಸಿ ಮನೆಗೆ ಬಂದು, ಹಗ್ಗದಾಟ ಆಡುವ ಮಗಳನ್ನು 'ಏನೇ ಇದು, ಗಂಡುಬೀರಿ ಹಾಗೆ' ಎಂದು ಗದರುವವರು ನಾವೇ ಅಲ್ಲವೇ?

ಈ ಸುಳ್ಳಿನ ಎದುರು ಇನ್ನೊಂದು ಸುಳ್ಳು ಎದ್ದು ನಿಂತಿದೆ. ಅದನ್ನೂ ಬಿಡುವಂತಿಲ್ಲ. ಟೀವಿ ಜಾಹೀರಾತಿನ ಹುಡುಗಿ ಪ್ಯಾಡ್ ಒಂದನ್ನು ಧರಿಸಿದ್ದೇ ತಡ, ಬಿಳಿ ಪ್ಯಾಂಟು ಹಾಕಿ ಬೆಟ್ಟ ಹತ್ತುತ್ತಾಳೆ. ಅವಳಿಗೆ ನೋವಿಲ್ಲ, ಸುಸ್ತಿಲ್ಲ, ವರ್ಷಗಟ್ಟಲೆ ಅವಳ ರಕ್ತವೂ ನೀಲಿ ಬಣ್ಣದ್ದೇ ಆಗಿತ್ತು! ಇದನ್ನು ನೋಡಿ ನಿಜವಾಗಿ ನೋವು ತಿನ್ನುವ ಹುಡುಗಿ ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುತ್ತಾಳೆ. ಒಬ್ಬರು 'ಅಲ್ಲಾಡಬೇಡ' ಎನ್ನುತ್ತಾರೆ, ಇನ್ನೊಬ್ಬರು 'ನೋವೇ ಇಲ್ಲ, ಹಾರು' ಎನ್ನುತ್ತಾರೆ. ಇಬ್ಬರೂ ಅವಳನ್ನು ಕೇಳುವುದಿಲ್ಲ.

ನಿಜ ಏನೆಂದು ಆಡುವವರೇ ಹೇಳಿದ್ದಾರೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚೀನಾದ ಈಜುಗಾರ್ತಿ ಫು ಯುವಾನ್‌ಹುಯಿ, ರಿಲೇಯಲ್ಲಿ ತಂಡ ನಾಲ್ಕನೆಯದಾದಾಗ, ಹಿಂದಿನ ರಾತ್ರಿ ಮುಟ್ಟಾಗಿದ್ದರಿಂದ ಸುಸ್ತಾಗಿತ್ತೆಂದು ಟೀವಿಯ ಮುಂದೆಯೇ ಹೇಳಿದಳು. ನಮ್ಮ ಮಣಿಪುರದ ಮೀರಾಬಾಯಿ ಚಾನು 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 49 ಕಿಲೋ ವಿಭಾಗದಲ್ಲಿ ಒಟ್ಟು 199 ಕಿಲೋ ಎತ್ತಿ ನಾಲ್ಕನೆಯವಳಾದಳು. ಕಂಚಿನ ಪದಕ 200 ಕಿಲೋಗೆ ಹೋಯಿತು. ಅಂದು ತನ್ನ ಮುಟ್ಟಿನ ಮೂರನೇ ದಿನ, ಸ್ವಲ್ಪ ನಿಶ್ಶಕ್ತಿ ಇತ್ತು ಎಂದಳು. ಈ ಒಂದು ಪ್ರಸಂಗದಲ್ಲಿ ಎರಡು ಸತ್ಯಗಳಿವೆ. ಮುಟ್ಟಿನಲ್ಲಿ ಹೆಣ್ಣು 199 ಕಿಲೋ ಎತ್ತಬಲ್ಲಳು. ಮೈ ಎಲ್ಲ ದಿನವೂ ಒಂದೇ ಸಮ ಇರುವುದಿಲ್ಲ ಎಂಬುದೂ ಅಷ್ಟೇ ಸತ್ಯ. ಮೊದಲನೆಯದನ್ನು ಮುಚ್ಚಿದರೆ ಹುಡುಗಿ ಮನೆಯಲ್ಲಿ ಕೊಳೆಯುತ್ತಾಳೆ, ಎರಡನೆಯದನ್ನು ಮುಚ್ಚಿದರೆ ಬಯಲಿನಲ್ಲಿ ಕುಸಿಯುತ್ತಾಳೆ.

ಹಾಗಾದರೆ ಮಾಡಬೇಕಾದದ್ದೇನು? ಮುಟ್ಟಿನ ನೋವಿಗೆ ಕಾರಣ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಅದು ಗರ್ಭಕೋಶವನ್ನು ಹಿಂಡಿದಂತೆ ಮಾಡುತ್ತದೆ. ಮೊದಲ ಎರಡು ದಿನ ಅದರ ಕಾಟ ಹೆಚ್ಚು. ವ್ಯಾಯಾಮದಿಂದ ರಕ್ತಸಂಚಾರ ಚುರುಕಾಗುತ್ತದೆ, ನೋವು ತಣಿಸುವ ರಸಗಳು ಮೈಯಲ್ಲೇ ಹುಟ್ಟುತ್ತವೆ. ವೈದ್ಯಕೀಯ ಅಧ್ಯಯನಗಳನ್ನು ಜರಡಿ ಹಿಡಿಯುವ ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆ, ವಾರಕ್ಕೆ ಮೂರು ಸಲ 45ರಿಂದ 60 ನಿಮಿಷದ ವ್ಯಾಯಾಮ ಮುಟ್ಟಿನ ನೋವನ್ನು ಗಮನಾರ್ಹವಾಗಿ ತಗ್ಗಿಸಬಹುದು ಎಂದಿದೆ. ಅಂದರೆ ನಾವು ಯಾವುದನ್ನು ನೋವಿಗೆ ಕಾರಣವೆಂದು ನಿಲ್ಲಿಸಿದ್ದೇವೋ ಅದೇ ನೋವಿನ ಮದ್ದುಗಳಲ್ಲಿ ಒಂದು. ಆದರೆ ಅದು ತಿಂಗಳಿಡೀ ಮಾಡಿಕೊಂಡು ಬರಬೇಕಾದ ಅಭ್ಯಾಸ, ಮುಟ್ಟಾದ ದಿನ ಹುಡುಕಿ ನುಂಗುವ ಗುಳಿಗೆಯಲ್ಲ.

ಮೊದಲ ಎರಡು ದಿನ ನೋವಿದ್ದವಳು ಓಟ ಬಿಟ್ಟು ಚುರುಕಾಗಿ ನಡೆಯಲಿ, ಸೊಂಟ ತೊಡೆಗಳನ್ನು ನಿಧಾನವಾಗಿ ಎಳೆದು ಸಡಿಲಿಸಲಿ. ಹತ್ತು ನಿಮಿಷ ಮೈ ಕಾಯಿಸಿದ ಮೇಲೆ ನೋವು ಇಳಿಯಿತೆಂದರೆ ಮುಂದುವರಿಯಲಿ, ಏರಿತೆಂದರೆ ನಿಲ್ಲಿಸಲಿ. ಈ ಅಳತೆಗೋಲು ಅವಳ ಕೈಯಲ್ಲೇ ಇರಬೇಕು, ಅಜ್ಜಿಯ ಕೈಯಲ್ಲೂ ಅಲ್ಲ, ಮೇಷ್ಟ್ರ ಸೀಟಿಯಲ್ಲೂ ಅಲ್ಲ. ನೋವೇ ಇಲ್ಲದವಳು ಎಂದಿನಂತೆ ಆಡಲಿ. ಮೂರನೇ ದಿನದಿಂದ ಬಹಳಷ್ಟು ಹುಡುಗಿಯರು ಹಗುರಾಗುತ್ತಾರೆ. ಯೋಗ ಮಾಡುವವರು ಆ ದಿನಗಳಲ್ಲಿ ಶೀರ್ಷಾಸನ, ಸರ್ವಾಂಗಾಸನ ಬಿಡುವ ಸಂಪ್ರದಾಯವಿದೆ. ಅವುಗಳಿಂದ ಹಾನಿಯಾಗುತ್ತದೆ ಎನ್ನಲು ವೈದ್ಯಕೀಯ ಪುರಾವೆಯಿಲ್ಲ, ಬಿಡಬೇಕೆನಿಸಿದವರು ಬಿಟ್ಟರೆ ನಷ್ಟವೂ ಇಲ್ಲ. ನೋವಿನ ಮಾತ್ರೆ ಬೇಕಾದರೆ ವೈದ್ಯರನ್ನು ಕೇಳಿ, ಊಟವಾದ ಮೇಲೆ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ಬೇಡ.

ಆಡುವ ಹುಡುಗಿಗೆ ನಿಜವಾದ ಅಪಾಯ ಮುಟ್ಟಲ್ಲ, ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಶೇ. 47.8, ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳು. ಎರಡು ಸುತ್ತಿಗೇ ಏದುಸಿರು ಬಿಡುವ ಹುಡುಗಿಯನ್ನು 'ಸೋಮಾರಿ' ಎಂದು ಬೈಯುವ ಮೊದಲು ಅವಳ ಕಣ್ಣಿನ ಕೆಳರೆಪ್ಪೆ ಬಿಳಿಚಿದೆಯೇ ಎಂದು ನೋಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಎಷ್ಟೋ ಹುಡುಗಿಯರು ಕಿಟಕಿಯಿಂದ ಎಸೆಯುತ್ತಾರೆ, ಯಾಕೆಂದರೆ ಅದು ಯಾತಕ್ಕೆ ಎಂದು ಯಾರೂ ಹೇಳಿಲ್ಲ. ಹುರುಳಿಕಾಳು, ನುಗ್ಗೆಸೊಪ್ಪು, ಎಳ್ಳು ನಮ್ಮ ಸೀಮೆಯಲ್ಲಿ ಬೆಳೆಯುವಂಥವೇ. ಮೇಲೆ ಒಂದಿಷ್ಟು ನಿಂಬೆರಸ ಹಿಂಡಿಕೊಂಡರೆ ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಅದು ಹತ್ತುವುದಿಲ್ಲ. ಮಾಂಸ ತಿನ್ನುವ ನಮ್ಮ ಮನೆಗಳಲ್ಲಿ ಕಲೀಜಿ ಮೊದಲು ಗಂಡಸರ ತಟ್ಟೆಗೆ ಹೋಗುತ್ತದೆ. ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವವರು ಯಾರು, ಕಲೀಜಿ ತಿನ್ನುವವರು ಯಾರು!

ಕೆಲವು ಸೂಚನೆಗಳು ಕಂಡರೆ ಆಟವನ್ನಲ್ಲ, ಉದಾಸೀನವನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಒಂದೆರಡು ಗಂಟೆಗೇ ಪ್ಯಾಡ್ ಪೂರ್ತಿ ತೊಯ್ಯುವುದು, ಏಳು ದಿನ ಮೀರಿ ಸ್ರಾವ ನಿಲ್ಲದಿರುವುದು, ತಲೆಸುತ್ತಿ ಬೀಳುವುದು, ಮಾತ್ರೆಗೂ ಬಗ್ಗದೆ ಹಾಸಿಗೆ ಹಿಡಿಸುವ ನೋವು, ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗುವ ನೋವು. 'ಮದುವೆಯಾದರೆ ಸರಿಹೋಗುತ್ತದೆ' ಎಂಬುದು ಚಿಕಿತ್ಸೆಯಲ್ಲ. ಕಠಿಣ ತರಬೇತಿಯಲ್ಲಿರುವ ಹುಡುಗಿಗೆ ಮೂರು ತಿಂಗಳು ಮುಟ್ಟು ಬರದಿದ್ದರೆ, 'ಸದ್ಯ ತಾಪತ್ರಯ ತಪ್ಪಿತು' ಎಂದು ಸಂತೋಷಪಡುವ ಕೋಚುಗಳಿದ್ದಾರೆ. ಅದು ದುಡಿಮೆಗೆ ತಕ್ಕ ಊಟ ಸಿಗುತ್ತಿಲ್ಲವೆಂದು ಮೈ ಬಾರಿಸುತ್ತಿರುವ ಗಂಟೆಯಾಗಿರಬಹುದು. ಅದನ್ನು ಕೇಳಿಸಿಕೊಳ್ಳದಿದ್ದರೆ ಮೂಳೆಗಳು ಸೊರಗಿ ಸಣ್ಣ ಪೆಟ್ಟಿಗೇ ಬಿರುಕು ಬಿಡುತ್ತವೆ.

ಇನ್ನು ಕಲೆಯ ಹೆದರಿಕೆ. ಇದು ಮೈಯ ಕಾಯಿಲೆಯಲ್ಲ, ಕಟ್ಟಡದ ಕಾಯಿಲೆ. ಬಾಗಿಲಿಗೆ ಚಿಲಕವಿಲ್ಲದ, ನಲ್ಲಿಯಲ್ಲಿ ನೀರಿಲ್ಲದ ಶೌಚಾಲಯವಿರುವ ಶಾಲೆಯಲ್ಲಿ ನಾಲ್ಕಾರು ಗಂಟೆಗೊಮ್ಮೆ ಪ್ಯಾಡ್ ಬದಲಿಸು ಎಂದರೆ ಹುಡುಗಿ ಎಲ್ಲಿಗೆ ಹೋಗಬೇಕು? ರಾಜ್ಯ ಸರ್ಕಾರ 2013-14ರಲ್ಲಿ ತಂದ 'ಶುಚಿ' ಯೋಜನೆಯಲ್ಲಿ ಹದಿಹರೆಯದ ಹುಡುಗಿಯರಿಗೆ ಉಚಿತ ಪ್ಯಾಡ್ ಸಿಗುತ್ತಿತ್ತು. ಅದು ಕೆಲವು ವರ್ಷ ನಿಂತೇ ಹೋಗಿ, 2024ರಲ್ಲಿ ಮತ್ತೆ ಶುರುವಾಯಿತು. ಯೋಜನೆ ನಿಲ್ಲಬಹುದು, ಮುಟ್ಟು ನಿಲ್ಲುತ್ತದೆಯೇ? ಬಟ್ಟೆ ಬಳಸುವುದು ತಪ್ಪಲ್ಲ. ಚೆನ್ನಾಗಿ ಒಗೆದು ಬಿಸಿಲಿಗೆ ಹಾಕಿದ ಹತ್ತಿಬಟ್ಟೆ ಒಳ್ಳೆಯದೇ. ಆದರೆ ನಮ್ಮಲ್ಲಿ ಅದನ್ನು ಬಚ್ಚಲ ಮೂಲೆಯಲ್ಲಿ, ಸೀರೆಯ ಮರೆಯಲ್ಲಿ ಒಣಗಿಸುತ್ತಾರೆ. ಆ ಹಸಿಬಟ್ಟೆ ಕಟ್ಟಿ ಓಡಿದರೆ ತೊಡೆ ಕೆರೆದು ಹುಣ್ಣಾಗುತ್ತದೆ, ಸೋಂಕೂ ತಗಲುತ್ತದೆ. ಆಗ ಬೈಗುಳ ಓಟಕ್ಕೆ! ಬಿಸಿಲಿಗೆ ಬರಗಾಲವಿಲ್ಲದ ಕಣಕಟ್ಟೆಯಲ್ಲಿ ಒಂದು ತುಂಡು ಬಟ್ಟೆಗೆ ಬಿಸಿಲು ಸಿಗುವುದಿಲ್ಲ.

ಉಡುಪಿನ ಮಾತಿಗೆ ಬಂದರೆ, ವಿಂಬಲ್ಡನ್‌ನಂಥ ಕಟ್ಟುನಿಟ್ಟಿನ ಕೂಟವೇ ಬಿಳಿ ಬಟ್ಟೆಯ ನಿಯಮ ಸಡಿಲಿಸಿ 2023ರಿಂದ ಹೆಂಗಸರಿಗೆ ಒಳಗೆ ಗಾಢ ಬಣ್ಣದ ಚಡ್ಡಿ ತೊಡಲು ಬಿಟ್ಟಿದೆ. ನಮ್ಮ ಶಾಲೆಗಳು ಕ್ರೀಡಾದಿನದಂದು ಹುಡುಗಿಯರಿಗೆ ಕಪ್ಪು ಅಥವಾ ಗಾಢ ನೀಲಿ ಟ್ರ್ಯಾಕ್ ಪ್ಯಾಂಟ್ ಕೊಟ್ಟರೆ ಕಲೆಯ ಭಯವೂ ಹೋಗುತ್ತದೆ, ಮೈ ಕಾಣುತ್ತದೆ ಎಂದು ತಕರಾರು ಮಾಡುವ ನಮ್ಮ ತಂದೆಯರ ಬಾಯಿಯೂ ಮುಚ್ಚುತ್ತದೆ. ಒಂದು ಪ್ಯಾಂಟಿನಿಂದ ಇಷ್ಟಾಗುವುದಾದರೆ ಅದು ದುಬಾರಿಯೇ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ, ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಯ ನೀತಿಯನ್ನು ಒಪ್ಪಿತು. 'ನೀವು ಓಡಬಹುದು ಎನ್ನುತ್ತೀರಿ, ಮತ್ತೆ ರಜೆ ಯಾಕೆ?' ಎಂದು ಅಣಕಿಸುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೆ: ಬೇಕಾದಾಗ ಕೇಳಿ ಪಡೆಯುವ ವಿಶ್ರಾಂತಿ ಹಕ್ಕು, ಬೇಡವೆಂದರೂ ಹೇರುವ ವಿಶ್ರಾಂತಿ ಶಿಕ್ಷೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಎದ್ದುಹೋಗಲೂ ಬಿಡುವಿಲ್ಲದೆ ಹೊಲಿಯುವವಳಿಗೆ ಆ ರಜೆ ಬೇಕು. ಆದರೆ ರಾಗಿ ಹೊಲದ ಕೂಲಿಗೆ, ಮನೆಗೆಲಸದವಳಿಗೆ, ಸ್ವಂತ ಮನೆಯಲ್ಲೇ ಬಿಟ್ಟಿ ದುಡಿಯುವವಳಿಗೆ ಆ ರಜೆ ಮಂಜೂರು ಮಾಡುವವರು ಯಾರು? ಹೆಣ್ಣಿನ ದೇಹಕ್ಕೆ ವಿಶ್ರಾಂತಿ ಬೇಕೆಂದು ನಂಬುವ ಗಂಡಸರು ಈ ತಿಂಗಳಿನಿಂದಲೇ ಆ ಎರಡು ದಿನ ಕೊಡ ಹೊರಲಿ, ಒಲೆ ಹಚ್ಚಲಿ. ಆಗ ಅವರ ಕಾಳಜಿಯನ್ನು ನಂಬುತ್ತೇವೆ.

ನಲವತ್ತು ದಾಟಿದ ನಮ್ಮ ಓರಗೆಯವರಿಗೂ ಒಂದು ಮಾತು. ಈ ವಯಸ್ಸಿನಲ್ಲಿ ಮುಟ್ಟು ಹಳಿ ತಪ್ಪುತ್ತದೆ, ಒಮ್ಮೆ ಹೆಚ್ಚು, ಒಮ್ಮೆ ಇಲ್ಲ. ಮುಟ್ಟು ನಿಂತ ಮೇಲೆ ಮೂಳೆ ವೇಗವಾಗಿ ಸವೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷದ ವ್ಯಾಯಾಮ, ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ದಿನಕ್ಕೆ 60 ನಿಮಿಷ. 'ನಾವೇನ್ ಓಡಿದ್ವಾ? ಮನೆಗೆಲಸವೇ ವ್ಯಾಯಾಮ' ಎಂದು ಹೇಳಿಕೊಂಡು ಬಂದಿದ್ದೇವೆ. ಮನೆಗೆಲಸದಲ್ಲಿ ಮೈ ದಣಿಯುತ್ತದೆ ನಿಜ, ಆದರೆ ಆ ದಣಿವಿನ ವೇಗವನ್ನೂ ವೇಳೆಯನ್ನೂ ನಿರ್ಧರಿಸುವವರು ಬೇರೆಯವರು. ಬೆಳಗಿನ ಅರ್ಧ ಗಂಟೆಯ ನಡಿಗೆಯಲ್ಲಿ ಮಾತ್ರ ನಮ್ಮ ಕಾಲು ನಮ್ಮ ಮಾತು ಕೇಳುತ್ತದೆ. ತಾಯಿ ನಡೆದರೆ ಮಗಳು ಓಡುತ್ತಾಳೆ.

ಕೊನೆಗೆ ನಮ್ಮ ಬೇಡಿಕೆಗಳು ದೊಡ್ಡವೇನಲ್ಲ. ಹೋಬಳಿ ಕ್ರೀಡಾಕೂಟ ನಡೆಯುವ ಬಯಲಿನಲ್ಲಿ ಚಿಲಕವಿರುವ, ನೀರಿರುವ ಒಂದು ಶೌಚಾಲಯ. ಅಲ್ಲೊಂದು ಪ್ಯಾಡಿನ ಪೆಟ್ಟಿಗೆ, ಬಳಸಿದ್ದನ್ನು ಹಾಕಲು ಒಂದು ಬುಟ್ಟಿ. ಪ್ರತಿ ತಂಡದ ಜೊತೆ, ಹುಡುಗಿ ಬಾಯಿಬಿಟ್ಟು ಹೇಳಬಹುದಾದ ಒಬ್ಬ ಶಿಕ್ಷಕಿ. ಪಿ.ಟಿ. ಮೇಷ್ಟ್ರುಗಳಿಗೆ ಈ ವಿಷಯದಲ್ಲಿ ಒಂದು ದಿನದ ತರಬೇತಿ, ಮುಖ ತಿರುಗಿಸದೆ ಕೇಳುವಷ್ಟು. ಜುಮಾದ ದಿನ ಒಂದು ಬಯಾನು, ಮಠದ ಜಾತ್ರೆಯಲ್ಲಿ ಒಂದು ಪ್ರವಚನ, ಈ ಕುರಿತು. ಮನೆಯ ಹಗ್ಗದ ಮೇಲೆ, ಬಿಸಿಲಿನಲ್ಲಿ, ಎಲ್ಲರ ಬಟ್ಟೆಗಳ ನಡುವೆ ಆ ಬಟ್ಟೆಗೂ ಒಂದು ಜಾಗ.

ಇಷ್ಟನ್ನು ಕೊಟ್ಟ ಮೇಲೆ ಹುಡುಗಿಯನ್ನೇ ಕೇಳಿ: 'ಇವತ್ತು ಆಡ್ತೀಯೇನಮ್ಮಾ?' ಅವಳು ಹೂಂ ಎಂದರೆ ಬಯಲಿಗೆ ಬಿಡಿ, ಊಹೂಂ ಎಂದರೆ ಕೂರಲು ಬಿಡಿ. ಮನೆಯಲ್ಲೂ ಕೂರಲು ಬಿಡಿ. ಅವಳ ಮೈಯ ಬಗ್ಗೆ ಅವಳ ಮಾತೇ ಕೊನೆಯದಾಗಲಿ.